ಟೆಂಪೋಗೆ ಹನ್ನೊಂದು ಮಾರು ಹಗ್ಗ

ಹಳೇ ಗಾಡಿ ಇಟ್ಟುಕೊಂಡವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದು ತಾನೇ ಹಿಂದೆ ಟಾರ್ಪಾಲಿನ ಕೆಳಗೆ ಹತ್ತಿ ಕೂತಿರುತ್ತದೆ. ಬಿಚ್ಚುವವರೆಗೂ ನಮಗೆ ಗೊತ್ತಾಗುವುದಿಲ್ಲ, ಅಷ್ಟೇ.

ನಾನು ಆರನೇ ಕ್ಲಾಸಿನ ಅರ್ಧದಲ್ಲಿ ಸ್ಕೂಲು ಬಿಟ್ಟವನು. ಒಂದು ಕಡೆ ಕೂರುವುದು ಆಗ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ. ಲಾರಿ ಕ್ಲೀನರ್ ಆದೆ, ಬೋರ್‌ವೆಲ್ ಗಾಡಿಯಲ್ಲಿ ರಾಡು ಎತ್ತಿದೆ, ಊರೂರಿಗೆ ಪ್ಲಾಸ್ಟಿಕ್ ಕೊಡ ಮಾರಿದೆ. ಕೊನೆಗೆ ಒಂದು ಹಳೇ ಟೆಂಪೋ ಕೊಂಡೆ. ನಮ್ಮ ಮನೆ ಮಧುಗಿರಿಯಲ್ಲಿದೆ ಅಂತ ನನ್ನ ಹೆಂಡತಿ ಹೇಳುತ್ತಾಳೆ. ನಾನು ನಂಬಿದ್ದೇನೆ.

ಈ ಟೆಂಪೋಗೆ ಹಿಂದೆ ಚಾವಣಿ ಇಲ್ಲ. ಸೊಂಟದೆತ್ತರದ ತಗಡಿನ ಗೋಡೆ, ಅದರ ಮೇಲೆ ಲೋಡು, ಲೋಡಿನ ಮೇಲೆ ಟಾರ್ಪಾಲು. ಟಾರ್ಪಾಲಿನ ಅಂಚಿಗೆ ಸುತ್ತಲೂ ಹಿತ್ತಾಳೆ ಕಣ್ಣುಗಳಿವೆ. ಒಂದು ಹಗ್ಗ ಆ ಕಣ್ಣಿನೊಳಗೆ ಹೋಗಿ, ಕೆಳಗೆ ಗಾಡಿಯ ಕೊಕ್ಕೆಗೆ ಸಿಕ್ಕಿ, ಮತ್ತೆ ಮೇಲೆ ಬಂದು, ಹಿಂಗೇ ಊರೆಲ್ಲ ಸುತ್ತಿ ಹಿಂಬದಿಯಲ್ಲಿ ಗಂಟಾಗಬೇಕು. ನಾನು ಹೇಳುತ್ತಿರುವುದು ಆ ಹಗ್ಗದ ಕಥೆ.

ಒಂದು: ಆಡುಗಳಿಗೆ ಹಬ್ಬ

ತೋವಿನಕೆರೆ ಹತ್ತಿರ ಒಂದು ಪುರಿ ಭಟ್ಟಿ ಇದೆ. ಅಕ್ಕಿಯನ್ನು ಬಿಸಿ ಮರಳಲ್ಲಿ ಹುರಿದು ಕಡ್ಲೆಪುರಿ ಮಾಡುವ ಜಾಗ. ಅದರ ಒಡತಿಯನ್ನು ಸುತ್ತಮುತ್ತ ಎಲ್ಲರೂ ಭಟ್ಟಿ ಅಮ್ಮ ಅಂತಲೇ ಕರೆಯುತ್ತಾರೆ. ಪಾವಗಡದಲ್ಲಿ ಶನಿವಾರ ದೇವಸ್ಥಾನಕ್ಕೆ ಜನ ಮುಗಿಬೀಳುತ್ತಾರೆ, ಬಂದವರೆಲ್ಲ ಪುರಿ ಕಟ್ಟಿಸಿಕೊಳ್ಳುತ್ತಾರೆ. ಹಾಗಾಗಿ ಪ್ರತಿ ಶನಿವಾರ ಮೂವತ್ತು ಮೂಟೆ ಪುರಿ ತೋವಿನಕೆರೆಯಿಂದ ಪಾವಗಡಕ್ಕೆ ನನ್ನ ಟೆಂಪೋದಲ್ಲಿ ಹೋಗಬೇಕು. ಮಿಕ್ಕ ದಿನ ಇಟ್ಟಿಗೆ ಸಿಕ್ಕರೆ ಇಟ್ಟಿಗೆ, ಹುಣಿಸೆಹಣ್ಣು ಸಿಕ್ಕರೆ ಹುಣಿಸೆಹಣ್ಣು. ಖಾತ್ರಿಯಾದ ಬಾಡಿಗೆ ಅಂತ ಇರುವುದು ಇದೊಂದೇ.

ಪುರಿಗೆ ತೂಕವಿಲ್ಲ. ಮೂವತ್ತು ಮೂಟೆ ಹೇರಿದರೂ ಟೆಂಪೋಗೆ ಏನೋ ಹೇರಿದ್ದಾರೆ ಅನ್ನುವುದೇ ತಿಳಿಯುವುದಿಲ್ಲ. ಆದರೆ ಗಾಳಿಗೆ ತಿಳಿಯುತ್ತದೆ. ಹೋದ ವರ್ಷ ಆಷಾಢದ ಒಂದು ಶನಿವಾರ, ಐ.ಡಿ.ಹಳ್ಳಿಯಲ್ಲಿ ಒಂದು ಅಂಗಡಿಗೆ ಅವರೆಕಾಳಿನ ಚೀಲ ಕೊಟ್ಟು ಹೊರಟೆ. ಊರು ದಾಟಿದ್ದೇ ತಡ, ಹಿಂದೆ ಪಟಾರ್ ಅಂತ ಸದ್ದಾಯಿತು. ಕನ್ನಡಿಯಲ್ಲಿ ನೋಡಿದರೆ ನನ್ನ ಟಾರ್ಪಾಲು ಮದುವೆ ಚಪ್ಪರದ ಹಾಗೆ ಆಕಾಶದಲ್ಲಿದೆ. ಹಗ್ಗ ಮೂರು ತುಂಡಾಗಿದೆ. ಎರಡು ಮೂಟೆ ರಸ್ತೆಗೆ ಬಿದ್ದು ಒಡೆದು, ರಸ್ತೆಯೆಲ್ಲ ಬೆಳ್ಳಗೆ.

ಅಲ್ಲೇ ಒಬ್ಬ ಹೆಂಗಸು ಆಡು ಮೇಯಿಸುತ್ತಿದ್ದಳು. ಅವಳ ಆಡುಗಳು ಎಲ್ಲಿದ್ದವೋ, ಒಂದೇ ಉಸಿರಿಗೆ ರಸ್ತೆಗೆ ಇಳಿದವು. ನಾನು ಓಡಾಡಿ ಮಿಕ್ಕ ಮೂಟೆ ಸರಿ ಮಾಡುತ್ತಿದ್ದರೆ ಅವಳು ಮರದ ಕೆಳಗಿಂದ ಹೇಳಿದಳು:

"ಅಣ್ಣೋ, ಬಿರ್‍ರನೆ ಕಟ್ಬೇಡ, ಒಸಿ ತಡಿ. ಹಿಂದ್ಲ ಆಡುಗಳು ಇನ್ನೂ ಬಂದಿಲ್ಲ."

ಆದರೂ ಒಳ್ಳೆಯವಳು. ಬಂದು ಟಾರ್ಪಾಲು ಎಳೆಯಲು ಕೈ ಕೊಟ್ಟಳು. ಅದರ ಮೇಲೆ ಸ್ಟೆಪ್ನಿ ಚಕ್ರ ಹೇರಿ ಕಲ್ಲು ಇಟ್ಟೆವು. ಹೊರಡುವಾಗ, "ಆ ತುಂಡು ಹಗ್ಗ ನಿಂಗ್ಯಾಕಣ್ಣ, ಬುಟ್ಬುಡು, ಆಡು ಕಟ್ಟಾಕ್ಕಾಯ್ತದೆ" ಅಂದಳು. ಮೂರೂ ತುಂಡು ಕೊಟ್ಟುಬಿಟ್ಟೆ. ಹೊಸ ಹಗ್ಗ ತರಲು ಹಳೇ ಹಗ್ಗದ ಅಳತೆ ಬೇಕಾಗುತ್ತದೆ ಅನ್ನುವುದು ನನಗೆ ಪಾವಗಡ ಮುಟ್ಟಿದ ಮೇಲೆ ಹೊಳೆಯಿತು.

ಮಾರನೇ ದಿನ ಭಟ್ಟಿ ಅಮ್ಮನ ಮುಂದೆ ನಿಂತೆ. ಅವರು ಕೂಗಾಡುವವರಲ್ಲ. ಉಪ್ಪು ಎಷ್ಟು ಹಾಕಬೇಕು ಅಂತ ಹೇಳುವ ದನಿಯಲ್ಲೇ ಎಲ್ಲ ಹೇಳುತ್ತಾರೆ.

"ಮೂವತ್ತು ಕಳ್ಸಿದ್ದೆ, ಇಪ್ಪತ್ತೆಂಟು ಮುಟ್ಟವೆ. ಬರೋ ಶನಿವಾರ ಒಂದೇ ಒಂದು ಪುರಿ ಹಾರಿದ್ರೂ ಆಮೇಲಿಂದ ಬೇರೆ ಗಾಡಿ."

"ಒಂದು ಪುರಿನೂ ಹಾರಲ್ಲ ಕಣಮ್ಮ. ಹೊಸ ಹಗ್ಗ ಹಾಕ್ತೀನಿ."

"ನೋಡಾನ."

ಅಷ್ಟರಲ್ಲಿ ಹೆಗಲು ಹಗುರಾಯಿತು. ತಿರುಗಿದರೆ ಭಟ್ಟಿ ಅಮ್ಮನ ಬಿಳಿ ಗಡ್ಡದ ಆಡು ನನ್ನ ಟವಲ್ಲಿನ ಅರ್ಧ ಮುಗಿಸಿದೆ.

"ಅಮ್ಮಾ, ನನ್ನ ಟವಲ್ಲು ಹೋಯ್ತು."

"ಎಲ್ಲೋಯ್ತು," ಅಂದರು ಅವರು. "ಹಾರೋಗಿಲ್ವಲ್ಲ. ಒಳಗೇ ಅದೆ."

ಎರಡು: ಮೇಷ್ಟ್ರ ಸೂತ್ರ

ಬರುವಾಗ ಕೊರಟಗೆರೆಯಲ್ಲಿ ಟೀ ಕುಡಿಯಲು ನಿಂತೆ. ಅಲ್ಲಿ ನಮ್ಮ ಲೆಕ್ಕದ ಮೇಷ್ಟ್ರು ಪೇಪರ್ ಓದುತ್ತ ಕೂತಿದ್ದರು. ರಿಟೈರ್ ಆಗಿ ಬಹಳ ದಿನವಾಗಿದೆ, ಆದರೆ ಸ್ಕೂಲು ಬಿಟ್ಟವನನ್ನು ಕಂಡರೆ ಈಗಲೂ ಕಣ್ಣಲ್ಲಿ ಬೆತ್ತ ಎತ್ತುತ್ತಾರೆ.

"ಏನ್ಲಾ, ಈಗೇನು ಮಾಡ್ತಿದ್ದೀಯ?"

"ಹಗ್ಗ ಹುಡುಕ್ತಿದ್ದೀನಿ ಸಾ."

"ಯಾಕ್ಲಾ, ಅಂಥದ್ದೇನಾಯ್ತು?" ಅಂತ ಅವರು ಗಾಬರಿಯಾದರು. ಟಾರ್ಪಾಲಿಗೆ ಅಂದ ಮೇಲೆ ಉಸಿರು ಬಿಟ್ಟರು. ವಿಷಯ ತಿಳಿದದ್ದೇ ಪೇಪರಿನ ಅಂಚಿನಲ್ಲಿ ಒಂದು ಆಯತ ಬರೆದು, ಗಾಡಿಯ ಉದ್ದ ಕೇಳಿದರು, ಹತ್ತಡಿ ಅಂದೆ. ಅಗಲ ಆರಡಿ ಅಂದೆ. ಸುತ್ತಳತೆ ಮೂವತ್ತೆರಡು, ಕೆಳಗೆ ಕೊಕ್ಕೆಗೆ ಹೋಗಿ ಬರುವುದಕ್ಕೆ ಅಷ್ಟೇ ಇನ್ನೊಂದು ಸಲ, ಒಟ್ಟು ಅರವತ್ತನಾಲ್ಕು.

"ಅರವತ್ತನಾಲ್ಕು ಅಡಿ. ಒಂದಿಂಚು ಜಾಸ್ತಿ ಬೇಡ, ಕಡಿಮೆ ಬೇಡ. ನೋಡು, ಸ್ಕೂಲಲ್ಲಿ ಕೂತಿದ್ರೆ ಇದನ್ನ ನೀನೇ ಮಾಡ್ತಿದ್ದೆ."

ನಾನು ಆರಡಿಗೊಂದು ಮಾರು ಅಂತ ಮನಸ್ಸಲ್ಲೇ ಎಣಿಸಿದೆ. ಎರಡೂ ಕೈ ಚಾಚಿದರೆ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಒಂದು ಮಾರು. ನನ್ನ ಲೆಕ್ಕವೆಲ್ಲ ಅದರಲ್ಲೇ. ಹೆಚ್ಚುಕಡಿಮೆ ಹನ್ನೊಂದು ಮಾರು. ಆಮೇಲೆ ಒಂದು ಅನುಮಾನ ಬಂತು.

"ಸಾ, ಗಂಟಿಗೆ ಎಷ್ಟು?"

"ಯಾವ ಗಂಟು?"

"ಹಗ್ಗ ಅಂದ್ಮೇಲೆ ಕೊನೇಲಿ ಗಂಟು ಹಾಕ್ಬೇಕಲ್ಲ ಸಾ."

ಮೇಷ್ಟ್ರು ಆಯತವನ್ನು ಬಹಳ ಹೊತ್ತು ನೋಡಿದರು. ನಾಲ್ಕೂ ಮೂಲೆಗೆ ಪೆನ್ನಿಟ್ಟು ಹುಡುಕಿದರು. ಕೊನೆಗೆ ಪೇಪರ್ ಮಡಚಿದರು.

"ಆಯತಕ್ಕೆ ಗಂಟಿಲ್ಲ ಕಣ್ಲಾ. ನಿನ್ನ ಟಾರ್ಪಾಲೇ ಸರಿ ಇಲ್ಲ."

ಮೂರು: ಯಾರ ಮಾರು

ಸೋಮವಾರ ಮಧುಗಿರಿಯ ಹಗ್ಗದಂಗಡಿಗೆ ಹೋದೆ. ಅಂಗಡಿಯವರು ಕುಳ್ಳಗೆ, ಗುಂಡಗೆ. ಹಿಂದೆ ನೈಲಾನ್ ಹಗ್ಗದ ಉರುಳೆಗಳು, ಹಸಿರು, ನೀಲಿ, ಹಳದಿ.

"ಹನ್ನೊಂದು ಮಾರು ಕೊಡಿ."

"ತೂಕಕ್ಕೆ ಕೊಡೋದು. ಎಷ್ಟು ಕೆಜಿ?"

"ಟಾರ್ಪಾಲಿಗೆ ಕಟ್ಟೋ ಹಗ್ಗ ಎಷ್ಟು ಕೆಜಿ ಅಂತ ಹೆಂಗೆ ಹೇಳ್ಲಿ?"

"ನೀವು ಟಾರ್ಪಾಲಿಗೆ ಕಟ್ತೀರೋ, ಬಟ್ಟೆ ಒಣಗಾಕ್ತೀರೋ, ತಕ್ಕಡಿಗೇನು ಗೊತ್ತು."

ನಾನು ಜಗ್ಗಲಿಲ್ಲ. ಬೆಳಿಗ್ಗೆಯೇ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದೆ. ಮಾರು ಹಾಕಿ ಅಳೆದು, ಆಮೇಲೆ ಬೇಕಾದರೆ ತೂಗಿಕೊಳ್ಳಿ ಅಂದೆ. ಸರಿ ಅಂತ ಅವರು ಹಗ್ಗ ಹಿಡಿದು ಕೈ ಚಾಚಿದರು. ಆ ಕೈ ಎಷ್ಟಿತ್ತು ಅಂದರೆ, ಅವರು ಎರಡೂ ಕೈಯಲ್ಲಿ ಒಂದು ದೊಡ್ಡ ಹಲಸಿನಹಣ್ಣು ತಬ್ಬಿಕೊಂಡರೆ ಬೆರಳು ಬೆರಳು ಕೂಡುವುದಿಲ್ಲ.

"ಇದು ಮಾರಲ್ಲ," ಅಂದೆ.

"ಮತ್ತೇನು? ಅಂಗಡಿ ಯಾರದೋ ಮಾರು ಅವರದು."

"ಟೆಂಪೋ ಯಾರದೋ ಮಾರು ಅವರದು."

ಅವರು ನನ್ನ ಕೈ ನೋಡಿ ಒಪ್ಪಲಿಲ್ಲ, ನಾನು ಅವರ ಕೈ ನೋಡಿ ಒಪ್ಪಲಿಲ್ಲ. ಆಗ ನನ್ನ ಕಣ್ಣಿಗೆ ಪಕ್ಕದಲ್ಲಿ ನಿಂತ ಇನ್ನೊಬ್ಬ ಗಿರಾಕಿ ಬಿದ್ದರು. ಬಾವಿ ಹಗ್ಗ ಕೊಳ್ಳಲು ಬಂದವರು. ಬಾಗಿಲಿಗೆ ತಲೆ ಬಗ್ಗಿಸಿ ಒಳಗೆ ಬಂದಿದ್ದ ಆಳು. ನನಗೂ ಬುದ್ಧಿ ಇದೆಯಲ್ಲ.

"ನಿಮ್ದೂ ಬೇಡ, ನಂದೂ ಬೇಡ. ಈ ಯಜಮಾನರ ಮಾರು ಆಗಬಹುದಾ?"

ಅಂಗಡಿಯವರು ಅವರ ಮುಖವನ್ನು ಒಂದು ಗಳಿಗೆ ನೋಡಿ, "ನೀವೇ ಆರಿಸಿದ್ದು, ಆಮೇಲೆ ನನ್ನ ಕೇಳಬಾರ್ದು" ಅಂದರು. ಅಷ್ಟು ಬೇಗ ಒಪ್ಪಿದ್ದಕ್ಕೆ ನನಗೆ ಅನುಮಾನ ಬರಬೇಕಾಗಿತ್ತು. ಎತ್ತರದ ಯಜಮಾನರು ಮರ್ಯಾದೆಯಿಂದ ಗೋಡೆ ಕಡೆ ತಿರುಗಿ, ಹನ್ನೊಂದು ಸಲ ಕೈ ಚಾಚಿ ಅಳೆದರು. ಗೆದ್ದೆ ಅಂತ ಹಗ್ಗ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದೆ.

ಕಟ್ಟಿದರೆ ಒಂದು ಬದಿ ಪೂರ್ತಿ ಖಾಲಿ. ಸಾಲದ್ದಕ್ಕೆ ಹಾಕಿದ ಗಂಟೆಲ್ಲ ನೈಲಾನ್ ನುಣುಪಿಗೆ ಜಾರುತ್ತಿದೆ. ಹೆಂಡತಿ ಸಾರಿಗೆ ಒಗ್ಗರಣೆ ಹಾಕಿಟ್ಟು ಬಂದು, ನಿಂತು ನೋಡಿ, "ಅಂಗಡಿಗೆ ಹೋಗಿದ್ರಾ, ಬೇರೆಲ್ಲಾದ್ರೂ ಹೋಗಿದ್ರಾ" ಅಂದಳು. ಸುತ್ತಿಕೊಂಡು ವಾಪಸ್ ಹೋದೆ.

"ಆರೂವರೆ ಅಡಿ ಆಳು ಅಳೆದ ಹಗ್ಗ ಅದೆಂಗೆ ಕಮ್ಮಿ ಆಯ್ತದೆ?"

ಅಂಗಡಿಯವರು ಗಲ್ಲಾಪೆಟ್ಟಿಗೆ ಮೇಲೆ ಎರಡೂ ಕೈಯೂರಿ ಸಮಾಧಾನವಾಗಿ ಹೇಳಿದರು:

"ಆ ಯಪ್ಪ ನಮ್ಮ ಹಳೇ ಗಿರಾಕಿ. ಹುಣಿಸೆ ಮರದಿಂದ ಬಿದ್ದು ಎಡಗೈ ಮುರಿದಾಗಿಂದ ಮೊಣಕೈ ಬಿಚ್ಚಲ್ಲ. ಅವರು ಬಂದಾಗೆಲ್ಲ ಅವರ ಹಗ್ಗ ನಾನೇ ಅಳೆದು ಕೊಡೋದು."

ನಾಲ್ಕು: ನೀರು ಕುಡಿದ ಹಗ್ಗ

ಬುಧವಾರ ಇಟ್ಟಿಗೆ ಲೋಡು ಸಿಕ್ಕಿ ಶಿರಾಕ್ಕೆ ಹೋಗಿ, ಇಳಿಸಿ, ವಾಪಸ್ಸಿಗೆ ಹುಣಿಸೆಹಣ್ಣಿನ ಮೂಟೆ ಹೇರಿಕೊಂಡೆ. ಅಲ್ಲಿ ಮಸೀದಿ ಹಿಂದಿನ ಬೀದಿಯಲ್ಲಿ ಟಾರ್ಪಾಲು, ಟೆಂಟು ಹೊಲಿಯುವ ಒಬ್ಬ ಸಾಹೇಬರಿದ್ದಾರೆ. ಬಿಳಿ ಗಡ್ಡ, ಮೂಗಿನ ತುದಿಗೆ ಕನ್ನಡಕ. ನನ್ನ ನೈಲಾನ್ ಹಗ್ಗವನ್ನು ಎರಡು ಬೆರಳಲ್ಲಿ, ಸತ್ತ ಹಾವು ಎತ್ತಿದ ಹಾಗೆ ಎತ್ತಿದರು.

"ಇದು ಹಗ್ಗ ಅಲ್ಲ ಬೇಟಾ. ಇದು ಬಣ್ಣ. ಟಾರ್ಪಾಲಿಗೆ ನೂಲಿನ ಹಗ್ಗ ಬೇಕು. ನೂಲು ಹಿಡ್ಕೋತದೆ, ಬಿಡೋದಿಲ್ಲ."

ಅವರ ಹತ್ತಿರ ಅವರಪ್ಪನ ಕಾಲದ ಗಜದ ಕೋಲಿತ್ತು. ಕೈ ಕಾಲು ಯಾವುದರ ತಂಟೆಯೂ ಇಲ್ಲ. ನನ್ನ ಟೆಂಪೋ ಸುತ್ತ ಕೋಲು ಇಡುತ್ತ ಹೋಗಿ, ಒಂದೊಂದು ಕೊಕ್ಕೆಗೂ ಬಗ್ಗಿ ನೋಡಿ, ಗಂಟಿಗೆ ಅಂತ ಎರಡು ಗಜ ಬೇರೆ ಸೇರಿಸಿದರು. ನನಗೆ ಮೇಷ್ಟ್ರು ನೆನಪಾದರು. ಇಷ್ಟಾದ ಮೇಲೆ ಸಾಹೇಬರು ಹಗ್ಗವನ್ನು ಕೊಡುವುದು ಬಿಟ್ಟು ಒಂದು ಬಕೆಟ್ಟು ನೀರು ತಂದಿಟ್ಟರು.

"ಈಗ ಇದಕ್ಕೆ ನೀರು ಕುಡಿಸಬೇಕು. ನಾಳೆ ಮಧ್ಯಾಹ್ನದವರೆಗೆ ನೆರಳಲ್ಲಿ ಒಣಗಬೇಕು. ಹೊಸ ನೂಲು ಮೊದಲ ನೀರಿಗೆ ಗಿಡ್ಡ ಆಗ್ತದೆ. ಆಗೋದೆಲ್ಲ ಆದ್ಮೇಲೆ ಅಳೆದು ಕಟ್ ಮಾಡ್ತೀನಿ."

"ನಾಳೆವರ್‍ಗೂ ನಾನೇನು ಮಾಡ್ಲಿ ಇಲ್ಲಿ?"

"ಆರಾಮಾಗಿ ಕೂತ್ಕೊ. ಚಾಯ್ ಕುಡಿ."

ಕೂತುಕೋ ಅನ್ನುವ ಒಂದು ಮಾತಿಗೇ ನಾನು ಸ್ಕೂಲು ಬಿಟ್ಟದ್ದು. ಮೋಡ ಇಲ್ಲ, ಮಳೆ ಇಲ್ಲ, ಈ ನಾಡಿನಲ್ಲಿ ಹಗ್ಗ ನೆನೆಯುವ ಹೊತ್ತಿಗೆ ನನ್ನ ಮೊಮ್ಮಕ್ಕಳು ಟೆಂಪೋ ಓಡಿಸುತ್ತಿರುತ್ತಾರೆ ಅಂದೆ. ಒಣ ಹಗ್ಗವನ್ನೇ ಅಳೆಸಿ, ಅಲ್ಲೇ ಕಟ್ಟಿಸಿಕೊಂಡು ಹೊರಟೆ. ಬಿಗಿ ನೋಡಿ ಖುಷಿಯಾಯಿತು. ಡೋಲು ಬಾರಿಸಿದ ಹಾಗೆ ಒಂದೆರಡು ಸಲ ಬಡಿದೂ ನೋಡಿದೆ.

ಶಿರಾ ಬಿಟ್ಟು ಮುಕ್ಕಾಲು ದಾರಿಗೆ ಬಂದಿದ್ದೇನೆ, ವರ್ಷವೆಲ್ಲ ಬಾರದ ಮಳೆ ಬಂತು. ಹತ್ತೇ ನಿಮಿಷ. ಹಿಂದೆ ಚಟ್, ಚಟ್ ಅಂತ ಒಂದೊಂದೇ ಕೊಕ್ಕೆ ಬಿಟ್ಟುಕೊಂಡಿತು. ಇಳಿದು ನೋಡಿದರೆ ಟಾರ್ಪಾಲು ಮೊಣಕಾಲಿನ ಮೇಲಕ್ಕೆ ಏರಿದ ಚಡ್ಡಿಯ ಹಾಗೆ ಲೋಡಿನ ನೆತ್ತಿಗೆ ಏರಿ ಕೂತಿದೆ. ಹಗ್ಗ ಒಂದೂವರೆ ಮಾರು ಗಿಡ್ಡ. ಅಲ್ಲಿಂದಲೇ ಫೋನ್ ಮಾಡಿದೆ.

"ಸಾಹೇಬ್ರೇ, ನಿಮ್ಮ ಹಗ್ಗ ಚಿಕ್ಕದಾಗೋಯ್ತು."

ಆ ಕಡೆಯಿಂದ ಚಾಯ್ ಹೀರುವ ಸದ್ದು ಬಂತು.

"ನನ್ನ ಹಗ್ಗ ಸರಿಯಾಗೇ ಇದೆ ಬೇಟಾ. ಚಾಯ್ ಕುಡಿದು ಹೋಗು ಅಂದೆ, ನೀನೇ ಹಗ್ಗಕ್ಕೂ ಕುಡಿಸಲಿಲ್ಲ, ನೀನೂ ಕುಡೀಲಿಲ್ಲ. ಈಗ ಅದು ದಾರೀಲಿ ಕುಡಿದಿದೆ."

ಐದು: ಎತ್ತಿಗಾ, ಎಮ್ಮೆಗಾ

ಶುಕ್ರವಾರ. ಕೈಯಲ್ಲಿ ಉಳಿದದ್ದು ಒಂದೇ ದಿನ. "ಬೇರೆ ಬಾಡಿಗೆ ನೋಡ್ಕೊಳ್ಳಿ, ಆ ಪುರಿ ಸಹವಾಸ ಬುಡಿ" ಅಂದಳು ಹೆಂಡತಿ. ಅವಳು ಹಾಗೆ ಅಂದ ಮೇಲೆ ಬಿಡುವ ಮಾತೇ ಇಲ್ಲ. ಪಾವಗಡಕ್ಕೆ ಒಂದು ಮನೆ ಸಾಮಾನು ಹಾಕಿಕೊಂಡು ಹೋಗಿ, ಇಳಿಸಿ, ಬಸ್ ಸ್ಟ್ಯಾಂಡಿನ ಹತ್ತಿರ ಕತ್ತಾಳೆ ನಾರಿನ ಹಗ್ಗ ಮಾರುವ ಒಬ್ಬ ತಾತನ ಮುಂದೆ ಕೂತೆ. ನೂಲಿನ ಹಗ್ಗಕ್ಕೆ ಒಂದೂವರೆ ಮಾರು ಸೇರಿಸಿದರೆ ಸಾಕು. ನಾರಿನ ಹಗ್ಗ ನೀರಿಗೂ ಹೆದರುವುದಿಲ್ಲ, ಜಾರುವುದೂ ಇಲ್ಲ.

ತಾತ ಅರ್ಧ ತೆಲುಗು, ಅರ್ಧ ಕನ್ನಡ. ಸೊಂಟದಲ್ಲಿ ಒಂದು ಎಮ್ಮೆ ಕೊಂಬಿನ ಚೂರು ಸಿಕ್ಕಿಸಿಕೊಂಡಿದ್ದ. ಎಂಥಾ ಬಿಗಿದ ಗಂಟನ್ನೂ ಅದರ ಮೊನೆ ತೂರಿಸಿ ಬಿಚ್ಚುತ್ತಾನಂತೆ.

"ಎದ್ದುಕಾ, ಬರ್‍ರೆಕಾ?" ಅಂದ. ಎತ್ತಿಗಾ, ಎಮ್ಮೆಗಾ ಅಂತ.

"ಎರಡಕ್ಕೂ ಅಲ್ಲ ತಾತ. ಎರಡು ಮಾರು ಹಗ್ಗ ಕೊಡು ಸಾಕು."

"ಮಾರು ಗೀರು ಲೇದಪ್ಪಾ. ಎತ್ತಿಂದು ಇಷ್ಟುದ್ದ, ಎಮ್ಮೇದು ಇಷ್ಟುದ್ದ, ಆಡಿಂದು ಇಷ್ಟು. ಯಾವ ಜೀವಕ್ಕೆ ಅಂತ ಹೇಳ್ದೆ ನಾನು ಹಗ್ಗ ಕೊಡಲ್ಲ. ಒಂದರ ಹಗ್ಗ ಇನ್ನೊಂದಕ್ಕೆ ಕಟ್ಟಿದ್ರೆ ಕುತ್ತಿಗೆ ಹುಣ್ಣಾಯ್ತದೆ. ಆ ಪಾಪ ನಂಗ್ಯಾಕೆ?"

"ಟೆಂಪೋಗೆ."

ತಾತ ನನ್ನ ಮುಖ ನೋಡಿದ. "ಟೆಂಪೋ ಪಾಲಿಸ್ತುಂದಾ?"

"ಹಾಲು ಕೊಡಲ್ಲ."

"ಉಳ್ತದಾ?"

"ಉಳಲ್ಲ."

"ಮತ್ತೆ ಯಾಕೆ ಕಟ್ಟಾಕ್ತೀಯ? ಬುಟ್ಬುಡು, ಎಲ್ಲಿಗಾನಾ ಹೋಗ್ಲಿ."

ನಾನು ಭಟ್ಟಿ ಅಮ್ಮನಿಂದ ಹಿಡಿದು ಎಲ್ಲ ಹೇಳಿದೆ. ತಾತ ಎದ್ದು ಬಂದು ಟೆಂಪೋ ಸುತ್ತ ಒಂದು ಸುತ್ತು ಹಾಕಿದ. ಮುಂದೆ ನಿಂತು ದೀಪ ನೋಡಿದ, ಪಕ್ಕೆ ತಟ್ಟಿದ, ಹಿಂದೆ ಹೋಗುವ ಮೊದಲು ಕೇಳಿದ:

"ಒದೆಯುತ್ತಾ?"

"ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಒಂದೆರಡು ಸಲ."

"ಎಬ್ಬಿಸಿದ್ರೆ ಏಳುತ್ತಾ?"

"ಬೈದ್ರೆ ಏಳುತ್ತೆ."

"ನೀರು ಕಂಡ್ರೆ?"

"ನಿಂತ್ಬುಡುತ್ತೆ."

ತಾತ ತೀರ್ಮಾನ ಮಾಡಿ ವಾಪಸ್ ಹೋಗಿ ಕೂತ. "ಬರ್‍ರೆನೇ ಇದು" ಅಂತ ಎಮ್ಮೆ ಹಗ್ಗ ಎರಡು ಎತ್ತಿ ಕೊಟ್ಟ.

ಆರು: ಶನಿವಾರ

ಬೆಳಿಗ್ಗೆ ಏಳಕ್ಕೆಲ್ಲ ತೋವಿನಕೆರೆ ಭಟ್ಟಿ ಮುಂದೆ ಇದ್ದೆ. ಮೂವತ್ತು ಮೂಟೆ ಹೇರಿ, ಟಾರ್ಪಾಲು ಹೊದಿಸಿ ಕಟ್ಟಲು ನಿಂತೆ. ಶಿರಾದ ನೂಲು, ಅದಕ್ಕೆ ಪಾವಗಡದ ಎಮ್ಮೆ ಹಗ್ಗ, ಎಲ್ಲದರ ಮೇಲೆ ಅಡ್ಡಡ್ಡಕ್ಕೆ ಮಧುಗಿರಿಯ ಹಸಿರು ನೈಲಾನು. ಮೂರು ತಾಲ್ಲೂಕು ಸೇರಿ ಒಂದು ಗಂಟು. ಭಟ್ಟಿ ಅಮ್ಮ ಸುತ್ತ ಬಂದು ಬೆರಳು ತೂರಿಸಿ ನೋಡಿದರು.

"ಇಲ್ಲಿ ಸಂದು ಅದೆ."

ಕಾಲು ಕೊಟ್ಟು ಎಳೆದು ಕಟ್ಟಿದೆ.

"ಈ ಹಿಂದ್ಲ ಮೂಲೆ ಇನ್ನೂ ಬಿಚ್ಕೊಂಡೇ ಅದಲ್ಲ."

"ಅದು ಕೊನೇದಮ್ಮ. ಮುಂದ್ಲದ್ದು ಮುಗಿಸಿ ಬರ್ತೀನಿ."

ಅವರು ಭಟ್ಟಿಗೆ ಉರಿ ನೋಡಲು ಹೋದರು. ನಾನು ಮುಂದಿನದು ಮುಗಿಸಿ ಬಂದು ಹಿಂದಿನ ಮೂಲೆ ಎಳೆದು, ಒಂದರ ಮೇಲೊಂದು ಏಳು ಗಂಟು ಹಾಕಿದೆ. ಅಷ್ಟಕ್ಕೇ ಬಿಡಲಿಲ್ಲ. ನೂಲು ನೀರಿಗೆ ಬಿಗಿಯುತ್ತದೆ ಅಂತ ಕಷ್ಟಪಟ್ಟು ಕಲಿತ ವಿದ್ಯೆ ಇತ್ತಲ್ಲ, ಚೊಂಬಲ್ಲಿ ನೀರು ತಂದು ಹಗ್ಗದ ಉದ್ದಕ್ಕೂ, ಗಂಟಿನ ಮೇಲೂ ನಿಧಾನಕ್ಕೆ ಹೊಯ್ದೆ. ಹಗ್ಗ ಕಿರ್ ಅಂತ ಕಚ್ಚಿಕೊಂಡಿತು. ಇನ್ನು ಬಿರುಗಾಳಿಯೇ ಬರಲಿ.

ದಾರಿಯಲ್ಲಿ ಗಾಳಿ ಬಂತು, ಬರಬೇಕಾದಷ್ಟೂ ಬಂತು. ಕನ್ನಡಿಯಲ್ಲಿ ನೋಡುತ್ತಲೇ ಇದ್ದೆ. ಟಾರ್ಪಾಲು ಒಂದು ಕೂದಲಷ್ಟೂ ಅಲುಗಲಿಲ್ಲ. ಹಿಂದೆ ಆಗಾಗ ದಡ ದಡ ಅನ್ನುತ್ತಿತ್ತು, ಒಂದೆರಡು ಸಲ ಎಳೆದ ಹಾಗೆ ಕಿರುಚಿತು. ಹಳೇ ಟೆಂಪೋದಲ್ಲಿ ಹೊಸ ಸದ್ದು ಅಂತ ಒಂದಿರುವುದಿಲ್ಲ. ಆಕ್ಸೆಲ್ಲಿಗೆ ಗ್ರೀಸು ಬೇಕು ಅಂದುಕೊಂಡೆ.

ಐ.ಡಿ.ಹಳ್ಳಿ ದಾಟಿದ ಮೇಲೆ ಅದೇ ಆಡಿನ ಹೆಂಗಸು ರಸ್ತೆ ಬದಿಗೆ ನಿಂತಿದ್ದಳು. ಪಕ್ಕದಲ್ಲಿ ನನ್ನ ಹಳೇ ಹಗ್ಗ ಕಟ್ಟಿಕೊಂಡ ಒಂದು ಆಡು, ಹಿಂದೆ ಮಿಕ್ಕವು. ನಿಧಾನ ಮಾಡಿದೆ.

"ಇವತ್ತು ಬಿಚ್ಚಲ್ವಾ ಅಣ್ಣ?"

"ಇವತ್ತು ಒಂದೂ ಹಾರಲ್ಲ ಕಣಕ್ಕ," ಅಂದೆ.

"ಅದ್ಯಾಕೆ ನಿನ್ನ ಗಾಡಿ ಮ್ಯಾ ಅಂತದೆ?"

"ಆಕ್ಸೆಲ್ಲು."

ಅವಳ ಆಡುಗಳೆಲ್ಲ ಕತ್ತೆತ್ತಿ ಟೆಂಪೋವನ್ನೇ ನೋಡುತ್ತಿದ್ದವು. ಹೋದ ವಾರದ ರುಚಿ ಅಂದುಕೊಂಡೆ.

ಪಾವಗಡದಲ್ಲಿ ಪುರಿ ಅಂಗಡಿಯವರು ಕಾಯುತ್ತಿದ್ದರು. ದೇವಸ್ಥಾನದ ಜನ ಆಗಲೇ ಬೀದಿ ತುಂಬಿತ್ತು. ಬೇಗ ಇಳಿಸಿ ಅಂದರು. ಗಂಟಿಗೆ ಕೈ ಹಾಕಿದೆ. ಗಂಟು ಕಲ್ಲು. ಉಗುರು ಹಾಕಿದೆ, ಹಲ್ಲು ಹಾಕಿದೆ, ಸ್ಕ್ರೂಡ್ರೈವರ್ ಹಾಕಿದೆ. ಅಂಗಡಿಯವರು ಹಾಕಿದರು. ಪೂಜೆಗೆ ಬಂದಿದ್ದ ನಾಲ್ಕು ಜನ ತಟ್ಟೆ ಪಕ್ಕಕ್ಕಿಟ್ಟು ಬಂದು ಹಾಕಿದರು.

"ಚಾಕು ತನ್ನಿ," ಅಂದರು ಅಂಗಡಿಯವರು.

"ಚಾಕು ತಂದ್ರೆ ನಾನು ಅಡ್ಡ ಮಲಗ್ತೀನಿ. ಈ ಹಗ್ಗಕ್ಕೆ ನಾಲ್ಕು ಊರು ತಿರುಗಿದೀನಿ."

"ಹಂಗಾದ್ರೆ ಪುರಿ ತಿನ್ನೋದು ಯಾರು?"

ಆಗ ಟಾರ್ಪಾಲಿನ ಒಳಗಿಂದ ಆಕ್ಸೆಲ್ಲು ಮ್ಯಾ ಅಂತು. ಗಾಡಿ ನಿಂತು ಹತ್ತು ನಿಮಿಷವಾಗಿತ್ತು.

ಜನ ಒಂದು ಹೆಜ್ಜೆ ಹಿಂದೆ ಸರಿದರು. ಅದೇ ಹೊತ್ತಿಗೆ ನನ್ನ ಫೋನು ಹೊಡೆದುಕೊಂಡಿತು. ಭಟ್ಟಿ ಅಮ್ಮ.

"ಮುಟ್ದಾ?"

"ಮುಟ್ದೆ ಕಣಮ್ಮ."

"ಪುರಿ ಹಾರ್‍ತಾ?"

"ಒಂದೂ ಇಲ್ಲ."

"ಒಳ್ಳೇದು. ಇಲ್ಲಿ ನಮ್ಮ ಗಡ್ಡದ ಆಡು ಬೆಳಿಗ್ಗೆಯಿಂದ ಕಾಣ್ತಿಲ್ಲ. ನೀನು ಹೊರಡುವಾಗ ಹಿಂದ್ಲ ಮೂಲೆ ಹತ್ರ ಇತ್ತು. ಏನಾದ್ರೂ ನೋಡ್ದಾ?"

"ಇನ್ನೂ ನೋಡಿಲ್ಲ," ಅಂದೆ. "ಆದ್ರೆ ಮಾತು ಕೇಳಿಸ್ತಾ ಅದೆ."

ಬಸ್ ಸ್ಟ್ಯಾಂಡಿಗೆ ಓಡಿಹೋಗಿ ತಾತನನ್ನು ಕರೆತಂದೆ. ತಾತ ಗಂಟನ್ನು ನೋಡಿ, ಮುಟ್ಟಿ, ಮೂಸಿ, ಸೊಂಟದಿಂದ ಕೊಂಬಿನ ಚೂರು ತೆಗೆದು ಮೊನೆ ತೂರಿಸಿದ. ಏಳೂ ಗಂಟು ಒಂದೊಂದಾಗಿ ಬಿಟ್ಟುಕೊಟ್ಟವು. ಹಗ್ಗಕ್ಕೆ ಒಂದು ಗೀರೂ ಬೀಳಲಿಲ್ಲ. ಟಾರ್ಪಾಲು ಎತ್ತಿದೆವು.

ಇಪ್ಪತ್ತೊಂಬತ್ತು ಮೂಟೆ ಇಟ್ಟ ಹಾಗೇ ಇದ್ದವು. ಮೂವತ್ತನೆಯದು ಅರ್ಧವಾಗಿತ್ತು. ಅದರ ಬಾಯಿಗೆ ಬೆನ್ನು ಕೊಟ್ಟುಕೊಂಡು, ಗಡ್ಡದ ತುಂಬ ಪುರಿ ಅಂಟಿಸಿಕೊಂಡು, ಹೊಟ್ಟೆ ಡೋಲು ಮಾಡಿಕೊಂಡು, ಭಟ್ಟಿ ಅಮ್ಮನ ಆಡು ಮಲಗಿತ್ತು. ಬೆಳಕು ಬಿದ್ದದ್ದಕ್ಕೆ ಬೇಜಾರಾಗಿ ನಮ್ಮನ್ನು ನೋಡಿತು.

ನಾನೇ ವಾಪಸ್ ಫೋನ್ ಮಾಡಿದೆ. ಭಟ್ಟಿ ಅಮ್ಮನಿಗೆ ಮಾತು ಕೊಟ್ಟ ಮೇಲೆ ಸುಳ್ಳು ಹೇಳುವ ಹಾಗಿಲ್ಲ.

"ಅಮ್ಮಾ, ಪುರಿ ಒಂದೂ ಹಾರಿಲ್ಲ. ಎಲ್ಲಾ ಒಳಗೇ ಅದೆ. ಒಸಿ ಮೂಟೆ ಒಳಗೆ, ಒಸಿ ಆಡಿನ ಒಳಗೆ."

ಆ ಕಡೆ ಭಟ್ಟಿಯ ಮರಳು ಕೆದಕುವ ಸದ್ದು ಕೇಳಿಸಿತು. ನನ್ನ ಶನಿವಾರದ ಬಾಡಿಗೆ ಆ ಸದ್ದಿನ ಮೇಲೆ ಕೂತಿತ್ತು. ಆಮೇಲೆ ಅದೇ ಉಪ್ಪಿನ ದನಿ ಬಂತು:

"ಹಗ್ಗ ಚೆನ್ನಾಗದೆ ಬುಡು. ಮುಂದ್ಲ ಶನಿವಾರನೂ ನೀನೇ ಬಾ. ಹೇರೋಕೆ ಮುಂಚೆ ನಾನು ಆಡು ಕಟ್ಟಾಕಿರ್ತೀನಿ. ಈಗ ಅದನ್ನ ಬಿಡ್ಬೇಡ, ಗಾಡೀಲಿ ಭದ್ರವಾಗಿ ಕಟ್ಕೊಂಡು ಬಾ."

ಕಟ್ಟುವುದಕ್ಕೆ ಹಗ್ಗ ಎಲ್ಲಿ? ಟಾರ್ಪಾಲಿನದು ಅಳೆದು ಅಳೆದು ತಂದದ್ದು, ಅದರಲ್ಲಿ ಒಂದು ಗೇಣೂ ಹೆಚ್ಚಿಲ್ಲ, ಕತ್ತರಿಸಲು ನಾನು ಬಿಡುವುದೂ ಇಲ್ಲ. ಆಡನ್ನು ಕಂಕುಳಲ್ಲಿ ಇರುಕಿಕೊಂಡು ತಾತನ ಕಡೆ ತಿರುಗಿದೆ.

ತಾತ ಆಡನ್ನು ನೋಡಿದ, ನನ್ನನ್ನು ನೋಡಿದ, ಕೊಂಬಿನ ಚೂರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

"ನಿನ್ನೆ ಅಷ್ಟೊತ್ತು ಕೂತ್ಕೊಂಡು ಕೇಳ್ದೆ, ಯಾವ ಜೀವಕ್ಕಪ್ಪಾ ಅಂತ. ಟೆಂಪೋ ಟೆಂಪೋ ಅಂದೆ. ಆಡಿಗೆ ಅಂತ ಹೇಳಿದ್ರೆ ನಿನ್ನೇನೇ ಕೊಟ್ಟು ಕಳಿಸ್ತಿದ್ನಲ್ಲ."